ಮೊಂಡು ಕತ್ತಿಯೂ ಮೂಳೆ ಮುರಿಯುತ್ತದೆ

ಯೂರೋಪಿನ ಹಳೆಯ ಕತ್ತಿವರಸೆ ಗುರುಗಳು ತಮ್ಮ ವಿದ್ಯೆಯನ್ನು ಬರೆದಿಟ್ಟು ಹೋದರು. ಗುರುವಿನಿಂದ ಶಿಷ್ಯನಿಗೆ ದಾಟಿಬರುವ ಸರಪಳಿ ಮಾತ್ರ ನಡುವೆ ಕಡಿದುಹೋಯಿತು. ಉಳಿದಿರುವುದು ಹೊತ್ತಗೆಗಳು: ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿರುವ, 14ನೇ ಶತಮಾನದ ಆರಂಭದ ಐ.33 ಎಂಬ ಹಸ್ತಪ್ರತಿ. 1410ರ ಆಸುಪಾಸಿನಲ್ಲಿ ಇಟಲಿಯ ಫಿಯೋರೆ ದೇಯ್ ಲಿಬೇರಿ ಸಿದ್ಧಪಡಿಸಿದ ಗ್ರಂಥ. 1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಅಚ್ಚಾದ ಯೋಆಖಿಮ್ ಮೇಯರ್‌ನ ಪುಸ್ತಕ. ಇಂಥವನ್ನು ಓದಿ, ಚಿತ್ರ ನೋಡಿ, ಕತ್ತಿ ಹಿಡಿದು ಪರೀಕ್ಷಿಸಿ ಆ ವಿದ್ಯೆಯನ್ನು ಮತ್ತೆ ಕಟ್ಟುವ ಅಭ್ಯಾಸಕ್ಕೆ ಈಗ ‘ಹೆಮಾ’ ಎಂದು ಹೆಸರು. ಒಲಿಂಪಿಕ್ಸ್‌ನಲ್ಲಿ ನೋಡುವ ಫೆನ್ಸಿಂಗ್‌ಗಿಂತ ಇದು ಬೇರೆ. ಇಲ್ಲಿ ಕತ್ತಿ ದೊಡ್ಡದು, ಹೊಡೆತ ಜೋರು, ಕುಸ್ತಿಯ ಪಟ್ಟುಗಳೂ ಸೇರಿವೆ.

ಜರ್ಮನಿಯ ಕ್ಲಬ್ಬೊಂದರಲ್ಲಿ ಇದನ್ನು ಕಲಿತವನು ನಾನು. ಈಗ ಅಲ್ಲಿಯೇ ಹೊಸಬರ ತರಗತಿ ನೋಡಿಕೊಳ್ಳುತ್ತೇನೆ. ಓದಲು, ಕೆಲಸಕ್ಕೆ ಬಂದ ಕನ್ನಡದ ಹುಡುಗ ಹುಡುಗಿಯರೂ ಆಗಾಗ ಬಂದು ಸೇರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು ಯಾವ ಗ್ಲೌಸ್ ಕೊಳ್ಳಬೇಕು ಎಂದು. ಕೇಳಬೇಕಾದ ಪ್ರಶ್ನೆಯೇ, ಆದರೆ ಮೊದಲನೆಯದಲ್ಲ. ಯಾಕೆಂದು ಕೆಳಗಿನ ಪಾಠಗಳು ಹೇಳುತ್ತವೆ.

1. ಅಂಚು ಮೊಂಡಾದರೆ ಕತ್ತಿ ಆಟಿಕೆ ಆಗುವುದಿಲ್ಲ

ಅಭ್ಯಾಸದ ಎರಡು ಕೈಯ ಉದ್ದ ಕತ್ತಿಗೆ ಫೆಡರ್ ಎನ್ನುತ್ತೇವೆ. ಅಂಚು ಹರಿತವಿಲ್ಲ, ತುದಿಯನ್ನು ಮಡಚಿಯೋ ಅಗಲ ಮಾಡಿಯೋ ಇಟ್ಟಿರುತ್ತಾರೆ, ಅಲಗು ತೆಳುವಾಗಿ ಬಾಗುತ್ತದೆ. ಇದು ಈಗಿನವರ ಉಪಾಯವಲ್ಲ. 16ನೇ ಶತಮಾನದ ಜರ್ಮನ್ ಕತ್ತಿಶಾಲೆಗಳಲ್ಲೂ ಇಂಥದ್ದೇ ಕತ್ತಿ ಇತ್ತು, ಮೇಯರ್‌ನ ಪುಸ್ತಕದ ಚಿತ್ರಗಳಲ್ಲಿ ಅದನ್ನು ಕಾಣಬಹುದು. ತೂಕ ಹೆಚ್ಚುಕಡಿಮೆ ಒಂದೂವರೆ ಕಿಲೋ, ಉದ್ದ ಸುಮಾರು 130 ಸೆಂಟಿಮೀಟರ್.

ಒಂದೂವರೆ ಕಿಲೋ ಎಂದರೆ ಹೊಸಬರು ನಗುತ್ತಾರೆ. ಪೆಟ್ಟನ್ನು ತೀರ್ಮಾನಿಸುವುದು ತೂಕವೊಂದೇ ಅಲ್ಲ. ಎರಡೂ ಕೈ, ಭುಜ, ಸೊಂಟ ಸೇರಿ ಬೀಸಿದಾಗ ಅಲಗಿನ ತುದಿ ಕೈಗಿಂತ ಎಷ್ಟೋ ವೇಗವಾಗಿ ಓಡುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಕ್ತಿಯೆಲ್ಲ ಕೆಲವೇ ಮಿಲಿಮೀಟರ್ ಅಗಲದ ಅಂಚಿನ ಮೇಲೆ ಬಂದು ಕೂರುತ್ತದೆ. ಅಂಚು ಮೊಂಡಾದ್ದರಿಂದ ನಮ್ಮಲ್ಲಿ ಚರ್ಮ ಕತ್ತರಿಸಿಕೊಂಡವರು ಕಡಿಮೆ. ಮೈ ಕಂದಿದವರು, ಮೂಳೆ ಬಿರುಕು ಬಿಟ್ಟವರು, ತಲೆ ಕದಡಿದವರು ಹೆಚ್ಚು. ನೈಲಾನ್ ಕತ್ತಿಯೂ ಬೆರಳು ಮುರಿಯಬಲ್ಲದು. ಮರದ ಕತ್ತಿ ಬಾಗುವುದೇ ಇಲ್ಲ, ಜೋರಿನ ಕಾಳಗಕ್ಕೆ ಅದು ಬೇಡವೇ ಬೇಡ.

2. ಮೊದಲು ಪೆಟ್ಟು ತಿನ್ನುವುದು ಬೆರಳು

ಉದ್ದ ಕತ್ತಿಯ ಹಿಡಿಕೆಗೆ ಒಂದು ಅಡ್ಡಪಟ್ಟಿ ಬಿಟ್ಟರೆ ಕೈಗೆ ಬೇರೆ ಮರೆಯಿಲ್ಲ. ಹೊಡೆಯುವಾಗಲೂ ತಡೆಯುವಾಗಲೂ ಮೈಗಿಂತ ಮುಂದೆ ಇರುವುದು ಕೈಯೇ. ಹಳೆಯ ಗುರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಜರ್ಮನ್ ಪರಂಪರೆಯ ಮೂಲಪುರುಷ ಯೋಹಾನ್ನೆಸ್ ಲೀಖ್ಟೆನಾವರ್‌ನ ಐದು ಮುಖ್ಯ ಹೊಡೆತಗಳಲ್ಲಿ ಒಂದಾದ ಕ್ರುಂಪ್‌ಹಾವ್ ಬೀಳಬೇಕಾದದ್ದೇ ಎದುರಾಳಿಯ ಕೈಗಳ ಮೇಲೆ. ಇನ್ನೊಂದು ಹೊಡೆತ ಟ್ಸ್‌ವೆರ್ಖ್‌ಹಾವ್. ಅದರಲ್ಲಿ ಹೆಬ್ಬೆರಳನ್ನು ಅಲಗಿನ ಚಪ್ಪಟೆ ಮೈಗೆ ಒತ್ತಿ ಹಿಡಿಯಬೇಕು. ಆಗ ಹೆಬ್ಬೆರಳು ಅಡ್ಡಪಟ್ಟಿಯನ್ನೂ ದಾಟಿ ಹೊರಗೆ ಬಂದಿರುತ್ತದೆ.

ಬೆರಳು ಮುರಿಯುವುದು ಪೆಟ್ಟು ಬಿದ್ದದ್ದಕ್ಕಷ್ಟೇ ಅಲ್ಲ. ಹಿಂದೆ ಗಟ್ಟಿ ಹಿಡಿಕೆ, ಮುಂದಿನಿಂದ ಉಕ್ಕಿನ ಅಲಗು, ನಡುವೆ ಬೆರಳು. ಸರಿಯಲು ಜಾಗವಿಲ್ಲದ್ದರಿಂದ ಜಜ್ಜಿಹೋಗುತ್ತದೆ. ಮೆತ್ತನೆಯ ಪ್ಯಾಡ್ ಮಾತ್ರ ಇರುವ ಗ್ಲೌಸ್ ಉಕ್ಕಿನ ಕತ್ತಿಗೆ ಸಾಲದು ಎನ್ನುವುದು ಇದಕ್ಕೇ. ಬೆರಳಿನ ಮೇಲೆ ಗಟ್ಟಿ ಚಿಪ್ಪು ಇರಬೇಕು. ಆ ಚಿಪ್ಪು ಪೆಟ್ಟನ್ನು ಬೆರಳಿಗೆ ಬಿಡದೆ ಹಿಡಿಕೆಗೆ ದಾಟಿಸಬೇಕು. ಕೊಳ್ಳುವ ಮೊದಲು ಗ್ಲೌಸ್ ತೊಟ್ಟು ನಿಮ್ಮದೇ ಕತ್ತಿ ಹಿಡಿದು ನೋಡಿ. ಬರೀ ಕೈಯಲ್ಲಿ ಮುಚ್ಚಿದಂತೆ ಕಂಡ ಹೆಬ್ಬೆರಳಿನ ತುದಿ, ಮಣಿಕಟ್ಟಿನ ಸಂದು ಕತ್ತಿ ಹಿಡಿದಾಗ ತೆರೆದುಕೊಳ್ಳುವುದುಂಟು. ಪೆಟ್ಟು ಹುಡುಕಿಕೊಂಡು ಬರುವುದು ಆ ಸಂದಿಗೇ.

ಉಂಗುರ ತೊಟ್ಟು ಕತ್ತಿ ಹಿಡಿಯಬಾರದು. ಬೆರಳು ಊದಿಕೊಂಡರೆ ಉಂಗುರ ಹೊರಬರುವುದಿಲ್ಲ, ರಕ್ತ ಸಂಚಾರ ನಿಲ್ಲುತ್ತದೆ. ಬೆರಳ ತುದಿ ಜೋತುಬಿದ್ದು ನೆಟ್ಟಗೆ ಎತ್ತಲಾಗದಿದ್ದರೆ ಅದು ಉಳುಕಲ್ಲ, ಸ್ನಾಯುರಜ್ಜು ಹರಿದಿದೆ ಅಥವಾ ಮೂಳೆಯ ಚೂರು ಕಿತ್ತಿದೆ ಎಂದರ್ಥ. ಆರರಿಂದ ಎಂಟು ವಾರ ಒಂದು ಗಳಿಗೆಯೂ ಮಡಚದಂತೆ ಪಟ್ಟಿ ಕಟ್ಟಿರಬೇಕಾಗುತ್ತದೆ. ‘ಎರಡು ದಿನ ನೋಡೋಣ’ ಎಂದು ಕಾಯುವವರು ಸೊಟ್ಟ ಬೆರಳಿನೊಂದಿಗೆ ಉಳಿಯುತ್ತಾರೆ.

3. ಮಾಸ್ಕ್ ಯಾವುದಕ್ಕಾಗಿ ಹುಟ್ಟಿತು ಎಂದು ತಿಳಿದಿರಿ

1559ರ ಜೂನ್ 30ರಂದು ಪ್ಯಾರಿಸ್ಸಿನಲ್ಲಿ ಭಲ್ಲೆಯ ಪಂದ್ಯ ಆಡುತ್ತಿದ್ದ ಫ್ರಾನ್ಸಿನ ದೊರೆ ಎರಡನೇ ಹೆನ್ರಿಯ ಮುಖಕ್ಕೆ ಎದುರಾಳಿಯ ಮುರಿದ ಭಲ್ಲೆಯ ಸಿಬಿರು ಶಿರಸ್ತ್ರಾಣದ ಕಿಂಡಿಯ ಮೂಲಕ ನುಗ್ಗಿತು. ಆಂಬ್ರ್ವಾಜ್ ಪಾರೆ, ವೆಸಾಲಿಯಸ್‌ರಂಥ ವೈದ್ಯರು ಬಂದರೂ ಜುಲೈ 10ರಂದು ದೊರೆ ತೀರಿಕೊಂಡ. 1982ರ ಜುಲೈಯಲ್ಲಿ ರೋಮ್‌ನ ವಿಶ್ವ ಫೆನ್ಸಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಆಡುತ್ತಿದ್ದರು. ಎರಡು ವರ್ಷ ಹಿಂದೆ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಫಾಯಿಲ್ ವಿಭಾಗದ ಚಿನ್ನ ಗೆದ್ದವರು. ಎದುರಾಳಿಯ ಅಲಗು ಮುರಿದು ಅದರ ಚೂಪು ತುಂಡು ಅವರ ಮಾಸ್ಕಿನ ಜಾಲರಿ ತೂರಿ ಹೋಯಿತು. ಕೆಲವೇ ದಿನಗಳಲ್ಲಿ ಅವರು ಪ್ರಾಣಬಿಟ್ಟರು.

ನಾಲ್ಕು ಶತಮಾನಗಳ ಅಂತರದ ಈ ಎರಡು ಸಾವುಗಳಲ್ಲೂ ಕೊಂದದ್ದು ಆಯುಧದ ಮುರಿದ ತುದಿ. ಸ್ಮಿರ್ನೋವ್ ಸಾವಿನ ನಂತರ ಫೆನ್ಸಿಂಗ್ ಲೋಕ ಮಾಸ್ಕ್, ಉಡುಪು, ಅಲಗಿನ ಉಕ್ಕು ಎಲ್ಲದರ ಮಾನದಂಡವನ್ನು ಬಿಗಿ ಮಾಡಿತು. ಇವತ್ತು ಉಡುಪಿನ ಮೇಲೆ ಕಾಣುವ 350, 800 ನ್ಯೂಟನ್ ಎಂಬ ಅಂಕಿಗಳು ಚೂಪು ತುದಿ ತೂರದಂತೆ ಬಟ್ಟೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಮಾಸ್ಕಿನ ಕುತ್ತಿಗೆಬಟ್ಟೆಯಲ್ಲಿ 1600 ನ್ಯೂಟನ್‌ನದ್ದೂ ಸಿಗುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಆ ಅಂಕಿ ತೂರುವಿಕೆಯ ಲೆಕ್ಕ, ಹೊಡೆತದ ಲೆಕ್ಕವಲ್ಲ. ಫೆನ್ಸಿಂಗ್ ಮಾಸ್ಕ್ ತಯಾರಾದದ್ದು ಹಗುರ ಕತ್ತಿಗೆ. ಒಂದೂವರೆ ಕಿಲೋ ಫೆಡರ್ ನೆತ್ತಿಗೆ ಬಿದ್ದರೆ ಮಾಸ್ಕ್ ಮುಖ ಕಾಯುತ್ತದೆ, ತಲೆಯೊಳಗಿನ ಅದುರನ್ನು ತಡೆಯುವುದಿಲ್ಲ. ಅದರ ಹಿಂಭಾಗವಂತೂ ಬರೀ ಪಟ್ಟಿ. ಎದುರಾಳಿ ತಿರುಗಿಬಿಟ್ಟರೆ ಪೆಟ್ಟು ಬೀಳುವುದು ಹಿಂದಲೆಗೆ. ಆದ್ದರಿಂದ ಹಿಂದಲೆಗೆ ಗಟ್ಟಿ ರಕ್ಷಣೆಯಿರುವ ಹೊದಿಕೆ ಬೇಕು. ಗಂಟಲಿಗೆ ಮಾಸ್ಕಿನ ಬಟ್ಟೆ ಸಾಲದು, ಅದರೊಳಗೆ ಗಟ್ಟಿ ತಟ್ಟೆಯಿರುವ ಗಾರ್ಜೆಟ್ ಇರಲೇಬೇಕು. ಜಾಲರಿ ತಗ್ಗಿದ್ದರೆ, ತುಕ್ಕು ಹಿಡಿದಿದ್ದರೆ ಆ ಮಾಸ್ಕ್ ಗೋಡೆಗೆ ತೂಗುಹಾಕಲು ಲಾಯಕ್ಕು, ತಲೆಗಲ್ಲ.

ಮಾಸ್ಕ್ ತೆಗೆದಿಟ್ಟು ‘ಸುಮ್ಮನೆ ನಿಧಾನಕ್ಕೆ ತೋರಿಸ್ತೀನಿ’ ಎನ್ನುವ ಹೊತ್ತು ಎಲ್ಲಕ್ಕಿಂತ ಅಪಾಯದ್ದು. ಎದುರಿಗೆ ಕತ್ತಿ ಎತ್ತಿದವರಿದ್ದರೆ ಮುಖದ ಮೇಲೆ ಮಾಸ್ಕ್ ಇರಬೇಕು.

4. ತಲೆಯ ಪೆಟ್ಟಿಗೆ ಧೈರ್ಯ ಮದ್ದಲ್ಲ

ಕನ್ಕಶನ್ ಎಂದರೆ ಪೆಟ್ಟಿಗೆ ಮಿದುಳು ಕದಡುವುದು. ಅದಾಗಲು ಪ್ರಜ್ಞೆ ತಪ್ಪಬೇಕಿಲ್ಲ. ತಲೆನೋವು, ವಾಕರಿಕೆ, ಬೆಳಕು ಕಂಡರೆ ಕಿರಿಕಿರಿ, ಕೇಳಿದ್ದನ್ನೇ ಮತ್ತೆ ಕೇಳುವುದು, ನಡಿಗೆ ತೂರಾಡುವುದು, ಅಥವಾ ಬರೀ ‘ಯಾಕೋ ಸರಿಯಿಲ್ಲ’ ಅನ್ನಿಸುವುದು, ಇವುಗಳಲ್ಲಿ ಒಂದಿದ್ದರೂ ಅವತ್ತಿಗೆ ಕತ್ತಿ ಕೆಳಗಿಡಬೇಕು. ಕೆಲವೊಮ್ಮೆ ಲಕ್ಷಣ ಗಂಟೆಗಳ ನಂತರ ಕಾಣಿಸುತ್ತದೆ. ಸಂಶಯವಿದ್ದರೂ ಹೊರಗೆ ಕೂರಿಸುವುದು ಹಲವು ಕ್ರೀಡೆಗಳು ಒಪ್ಪಿದ ನಿಯಮ. ಮೊದಲ ಪೆಟ್ಟು ಮಾಗುವ ಮುನ್ನ ಎರಡನೆಯದು ಬಿದ್ದರೆ ಅನಾಹುತ.

ತಲೆಗೆ ಪೆಟ್ಟು ತಿಂದವರನ್ನು ಒಬ್ಬರನ್ನೇ ಮನೆಗೆ ಕಳಿಸಬೇಡಿ, ಗಾಡಿ ಓಡಿಸಲು ಬಿಡಬೇಡಿ. ಮತ್ತೆ ಮತ್ತೆ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಲಾಗದ ಮಂಪರು, ಫಿಟ್ಸ್, ಕೈಕಾಲು ಸೋಲುವುದು ಕಂಡರೆ ತಡಮಾಡದೆ ಆಂಬುಲೆನ್ಸ್ ಕರೆಯಿರಿ. ಯೂರೋಪಿನ ಒಕ್ಕೂಟದಲ್ಲೆಲ್ಲ ಸಂಖ್ಯೆ 112. ಪೆಟ್ಟಾದ ಮೊದಲ ಒಂದೆರಡು ದಿನ ವಿಶ್ರಾಂತಿ. ಆಮೇಲೆ ನಡಿಗೆ, ಹಗುರ ವ್ಯಾಯಾಮ, ಎದುರಾಳಿಯಿಲ್ಲದ ಅಭ್ಯಾಸ, ವೈದ್ಯರ ಒಪ್ಪಿಗೆಯ ನಂತರವೇ ಕಾಳಗ. ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ ಕೊಡಬೇಕು. ಆಡುತ್ತೇನೆ ಎಂದು ಪೆಟ್ಟು ತಿಂದವರು ಹಟ ಹಿಡಿಯುತ್ತಾರೆ. ಬೇಡ ಎನ್ನುವ ಅಧಿಕಾರ ತರಬೇತುದಾರರ ಕೈಯಲ್ಲಿರಬೇಕು, ಅದಕ್ಕೆ ಚರ್ಚೆಯಿರಬಾರದು.

5. ತಿವಿತದಲ್ಲಿ ಬಾಗಬೇಕಾದದ್ದು ಅಲಗು

ಹೊಡೆತದ ಜೋರನ್ನು ಕೊನೆ ಗಳಿಗೆಯಲ್ಲಿ ಕೈ ತಡೆಯಬಲ್ಲದು. ತಿವಿತದ ಹಿಂದೆ ಮೈಯ ತೂಕವಿದೆ. ಇಬ್ಬರೂ ಒಟ್ಟಿಗೆ ಮುಂದೆ ನುಗ್ಗಿದರೆ ಎರಡು ಮೈಗಳ ತೂಕ. ಅಲಗು ಬಾಗಿದರೆ ಆ ಒತ್ತಡ ಅದರಲ್ಲೇ ಕರಗುತ್ತದೆ, ಬಾಗದಿದ್ದರೆ ಪಕ್ಕೆಲುಬಿಗೆ ಇಳಿಯುತ್ತದೆ. ಪ್ರದರ್ಶನಕ್ಕೆಂದು ಮಾಡಿದ ಗಟ್ಟಿ ಮೊಂಡು ಕತ್ತಿಗಳನ್ನು ಕಾಳಗಕ್ಕೆ ತರಬಾರದು. ಮೊನೆ ತಾಗಿದ ಕೂಡಲೇ ಮೊಣಕೈ ಸಡಿಲಿಸಿ, ತಳ್ಳಬೇಡಿ. ಮೇಯರ್‌ನ ಕಾಲಕ್ಕೆ ಜರ್ಮನರು ಉದ್ದ ಕತ್ತಿಯ ಆಟದಲ್ಲಿ ತಿವಿತವನ್ನೇ ಕೈಬಿಟ್ಟಿದ್ದರು. ಮಾಸ್ಕ್ ಇಲ್ಲದೆ ಆಡುತ್ತಿದ್ದವರಿಗೆ ಅದು ಬುದ್ಧಿವಂತಿಕೆಯ ಮಾತು.

6. ಕತ್ತಿಯ ಆರೋಗ್ಯ ನೋಡದವರು ಎದುರಾಳಿಯ ಆರೋಗ್ಯ ಕೆಡಿಸುತ್ತಾರೆ

ಉಕ್ಕಿಗೆ ಉಕ್ಕು ತಾಗಿದಲ್ಲೆಲ್ಲ ಅಂಚಿನಲ್ಲಿ ಸಣ್ಣ ಮುಳ್ಳುಗಳು ಏಳುತ್ತವೆ. ಅವು ಜಾಕೆಟ್ ಹರಿಯುತ್ತವೆ, ಚರ್ಮ ಸೀಳುತ್ತವೆ. ಅಭ್ಯಾಸ ಮುಗಿದ ಮೇಲೆ ಅಂಚಿನುದ್ದಕ್ಕೂ ಬಟ್ಟೆ ಎಳೆದು ನೋಡಿ, ಎಳೆ ಸಿಕ್ಕಿದಲ್ಲಿ ಅರದಿಂದ ಉಜ್ಜಿ ನಯ ಮಾಡಿ. ತಿವಿತಕ್ಕೆ ಅಲಗು ಬಾಗಿ ಮತ್ತೆ ನೆಟ್ಟಗಾಗುವುದು ಸರಿ. ಒಂದೇ ಕಡೆ ಮೂಲೆಯಂತೆ ಬಾಗಿ ನಿಂತುಬಿಟ್ಟರೆ ಅಲ್ಲಿ ಲೋಹ ದಣಿದಿದೆ, ತುಂಡಾಗುವುದು ಅಲ್ಲಿಯೇ. ಗಟ್ಟಿ ಹೊಡೆತ ಬಿದ್ದು ಆಳದ ಕಚ್ಚು ಉಳಿದ ಜಾಗದಿಂದಲೂ ಬಿರುಕು ಶುರುವಾಗುತ್ತದೆ. ಹಿಡಿಕೆ ಅಲುಗಾಡುತ್ತಿದೆಯೇ, ತುದಿಗೆ ಹಾಕಿದ ರಬ್ಬರ್ ಹರಿದಿದೆಯೇ ಎಂಬುದನ್ನೂ ನೋಡಿ. ಸಂಶಯ ಬಂದ ಕತ್ತಿಯನ್ನು ಬೆಲೆ ನೆನೆದು ಉಳಿಸಿಕೊಳ್ಳಬಾರದು. ಸ್ಮಿರ್ನೋವ್ ಎದುರಿದ್ದವರ ಕೈಯಲ್ಲಿದ್ದದ್ದೂ ಮೊಂಡು ತುದಿಯ ಕತ್ತಿಯೇ. ಮುರಿದ ಗಳಿಗೆಯಲ್ಲಿ ಅದು ಚೂಪಾಯಿತು.

7. ಕವಚ ಹೆಚ್ಚಿದಷ್ಟೂ ಹೊಡೆತ ಹೆಚ್ಚುತ್ತದೆ

ಇದು ನಾನು ಕಲಿತ ಪಾಠಗಳಲ್ಲಿ ಮುಖ್ಯವಾದದ್ದು. ಮೈತುಂಬ ಕವಚ ತೊಟ್ಟ ಇಬ್ಬರು, ಬರೀ ಮಾಸ್ಕ್ ಮತ್ತು ತೆಳು ಗ್ಲೌಸ್ ತೊಟ್ಟ ಇಬ್ಬರು, ಈ ಎರಡು ಜೋಡಿಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ. ಎರಡನೆಯ ಜೋಡಿ ದೂರ ಕಾಯ್ದು, ಅಳೆದು ಹೆಜ್ಜೆಯಿಡುತ್ತದೆ. ಮೊದಲ ಜೋಡಿ ಒಂದು ಪೆಟ್ಟು ತಿಂದಾದರೂ ಎರಡು ಕೊಡೋಣ ಎಂದು ನುಗ್ಗುತ್ತದೆ. ನೋವಿನ ಭಯ ಹೋದಲ್ಲಿ ಎಚ್ಚರವೂ ಹೋಗುತ್ತದೆ.

ಫಿಯೋರೆಗೆ ಇದರ ಲೆಕ್ಕ ಗೊತ್ತಿತ್ತು. ಹೊಟ್ಟೆಕಿಚ್ಚಿನ ಗುರುಗಳು ಕೆಣಕಿದ್ದರಿಂದ, ದಪ್ಪ ಅಂಗಿ ಮತ್ತು ಮೆದು ಚರ್ಮದ ಕೈಗವಸು ಬಿಟ್ಟು ಬೇರೇನೂ ಇಲ್ಲದೆ ಹರಿತ ಕತ್ತಿಯಲ್ಲಿ ಐದು ಸಲ ಕಾದಬೇಕಾಯಿತು ಎಂದು ಅವನು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಅಂಥ ಒಂದು ಕಾಳಗಕ್ಕಿಂತ ಕವಚ ತೊಟ್ಟು ಮೂರು ಸಲ ಕಾದುವುದೇ ಮೇಲು ಎಂಬುದು ಅವನ ತೀರ್ಮಾನ. ಕವಚವಿದ್ದವನು ಹಲವು ಪೆಟ್ಟು ತಿಂದೂ ಗೆಲ್ಲಬಹುದು. ಇಲ್ಲದವನಿಗೆ ತಪ್ಪಿದ ಒಂದು ತಡೆಯೇ ಸಾವು. ಕವಚ ಆಟಗಾರನ ನಡವಳಿಕೆಯನ್ನು ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಹಾಗೆಂದು ಕವಚ ಬಿಡಿ ಎನ್ನುತ್ತಿಲ್ಲ. ಕವಚ ಇರುವುದು ತಪ್ಪಿ ಬಿದ್ದ ಪೆಟ್ಟಿಗೆ. ಬೇಕೆಂದೇ ಜೋರಾಗಿ ಕೊಡುವ ಪೆಟ್ಟಿಗೆ ಅದು ಪರವಾನಗಿಯಲ್ಲ. ನಮ್ಮ ತರಗತಿಯಲ್ಲಿ ಕಾಳಗದ ಜೋರನ್ನು ಕಡಿಮೆ ಕವಚದವರ ಅಳತೆಗೆ ಇಳಿಸುತ್ತೇವೆ. ಹೊಸಬರಿಗೆ ಮೊದಲ ಪಾಠ ಹೊಡೆಯುವುದಲ್ಲ, ಮಾಸ್ಕಿಗೆ ತಾಗುವ ಮುನ್ನ ಅಲಗನ್ನು ನಿಲ್ಲಿಸುವುದು. ಅದು ಬಂದ ಮೇಲೆ ವೇಗ.

8. ನಿಯಮವೂ ಒಂದು ಕವಚ

ಹಳೆಯ ಜರ್ಮನ್ ಕತ್ತಿಶಾಲೆಗಳ ಸಾರ್ವಜನಿಕ ಪಂದ್ಯಗಳಲ್ಲಿ ಆಟಕ್ಕೆ ಮೊದಲು ನಿಷೇಧಗಳನ್ನು ಕೂಗಿ ಹೇಳುತ್ತಿದ್ದರು: ಮೊನೆಯಿಂದ ತಿವಿಯುವಂತಿಲ್ಲ, ಹಿಡಿಕೆಯ ಗುಂಡಿನಿಂದ ಗುದ್ದುವಂತಿಲ್ಲ, ಕೈ ಮುರಿಯುವಂತಿಲ್ಲ, ಕಣ್ಣಿಗೆ ಕೈ ಹಾಕುವಂತಿಲ್ಲ. ಅಲ್ಲಿ ರಕ್ತ ಕಾಣುತ್ತಿತ್ತು, ಗೆಲುವನ್ನು ಅದರಿಂದಲೇ ಅಳೆಯುತ್ತಿದ್ದರು. ಆದರೂ ಮಿತಿಯಿತ್ತು.

ಈಗಿನ ಹಲವು ಪಂದ್ಯಗಳಲ್ಲಿ ಆಫ್ಟರ್‌ಬ್ಲೋ ಎಂಬ ನಿಯಮವಿದೆ: ಪೆಟ್ಟು ತಿಂದವರು ಆ ಕೂಡಲೇ ತಿರುಗಿ ಹೊಡೆದರೆ ಅದೂ ಎಣಿಕೆಗೆ ಬರುತ್ತದೆ. ಹೊಡೆದೆ, ಗೆದ್ದೆ ಎಂದು ಮೈಮರೆಯಲಾಗದು. ಹೊಡೆದ ಮೇಲೂ ತನ್ನನ್ನು ಕಾಯ್ದುಕೊಳ್ಳಬೇಕು. ಅತಿ ಜೋರಿಗೆ ಎಚ್ಚರಿಕೆ ಕೊಟ್ಟು, ಆಮೇಲೆ ಹೊರಹಾಕುವ ನಿಯಮವೂ ಇದೆ. ಅದನ್ನು ನಿಜವಾಗಿ ಜಾರಿ ಮಾಡುವ ತೀರ್ಪುಗಾರರು ಬೇಕು, ಅಷ್ಟೆ. ಇನ್ನು ‘ಹಾಲ್ಟ್’. ಯಾರು ಬೇಕಾದರೂ ಕೂಗಬಹುದು, ಕೂಗಿದ ಕ್ಷಣ ಎಲ್ಲ ಕತ್ತಿಗಳೂ ನಿಲ್ಲಬೇಕು. ಕಾರಣ ಕೇಳುವುದು ಆಮೇಲೆ.

9. ಪಟ್ಟು ಹಾಕಬೇಕೆಂದರೆ ಬೀಳುವುದನ್ನು ಕಲಿಯಿರಿ

ಹತ್ತಿರ ಬಂದಾಗ ಎದುರಾಳಿಯ ಕೈ ಹಿಡಿಯುವುದು, ಕತ್ತಿ ಕಿತ್ತುಕೊಳ್ಳುವುದು, ಎತ್ತಿ ಕೆಡವುವುದು ಹಳೆಯ ಗ್ರಂಥಗಳಲ್ಲಿ ಹೇರಳವಾಗಿವೆ. ಆದರೆ ಮೈಸೂರಿನ ಗರಡಿಯಲ್ಲಿ ಅಗೆದು ಮೆದು ಮಾಡಿದ ಮಣ್ಣಿನ ಮಟ್ಟಿಯಿರುತ್ತದೆ, ಜಟ್ಟಿಯ ಕೈ ಖಾಲಿ. ನಮ್ಮದು ಶಾಲೆಯ ಜಿಮ್ನೇಶಿಯಮ್ಮಿನ ಗಟ್ಟಿ ನೆಲ, ಕೈಯಲ್ಲಿ ಉಕ್ಕಿನ ಕತ್ತಿ, ತಲೆಯ ಮೇಲೆ ಮಾಸ್ಕಿನ ಭಾರ. ಬೀಳುವಾಗ ಕೈ ಊರಿದರೆ ಮಣಿಕಟ್ಟು ಹೋಗುತ್ತದೆ. ಹೆಬ್ಬೆರಳಿನ ಬುಡದ ಕುಳಿಯಲ್ಲಿ ಒತ್ತಿದರೆ ನೋವಿದ್ದರೆ ಅಲ್ಲಿಯ ಸಣ್ಣ ಮೂಳೆ ಬಿರಿದಿರಬಹುದು. ಅದು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗುತ್ತದೆ. ನೋವು ಉಳಿದರೆ ಮತ್ತೆ ತೋರಿಸಲೇಬೇಕು. ಕೆಡವುವ ಪಟ್ಟುಗಳು ಮ್ಯಾಟ್ ಮೇಲೆ, ಬೀಳಲು ಬಲ್ಲವರ ನಡುವೆ, ಮೊದಲೇ ಮಾತಾಡಿಕೊಂಡು ಮಾತ್ರ. ಕೀಲು ತಿರುಚುವ ಪಟ್ಟುಗಳನ್ನು ಕಾಳಗದಲ್ಲಿ ಬಳಸಬಾರದು, ದಪ್ಪ ಗ್ಲೌಸಿನಲ್ಲಿ ಸೋತೆ ಎಂದು ತಟ್ಟಿದ್ದೂ ಗೊತ್ತಾಗುವುದಿಲ್ಲ.

10. ಸದ್ದಿಲ್ಲದೆ ಬರುವ ಗಾಯಗಳು

ಹೆಚ್ಚು ಜನರನ್ನು ತಿಂಗಳುಗಟ್ಟಲೆ ಕೂರಿಸುವುದು ಪೆಟ್ಟಲ್ಲ, ಸವೆತ. ರೇಪಿಯರ್ ಎಂಬ ಒಂಟಿ ಕೈಯ ತಿವಿತದ ಕತ್ತಿ ಹಿಡಿದು ಕೈ ಚಾಚಿ ನಿಂತವರ ಮೊಣಕೈಯ ಹೊರಬದಿ, ಉದ್ದ ಕತ್ತಿಯವರ ಮಣಿಕಟ್ಟು ಮತ್ತು ಭುಜ, ಮುಂದೆ ಚಾಚಿ ಹೆಜ್ಜೆ ಹಾಕುವವರ ಮಂಡಿ. ಹೊಸಬರು ಹಿಡಿಕೆಯನ್ನು ಹಿಂಡಿ ಹಿಡಿಯುತ್ತಾರೆ. ಅರ್ಧ ನೋವಿನ ಮೂಲ ಅದು. ಪಾದ ಒಂದು ಕಡೆ, ಮಂಡಿ ಇನ್ನೊಂದು ಕಡೆ ತಿರುಗಿದರೆ ಉಳಿದರ್ಧ. ಮೈ ಬಿಸಿ ಮಾಡಿಕೊಳ್ಳದೆ ಕತ್ತಿ ಹಿಡಿಯಬೇಡಿ. ಬೆಳಿಗ್ಗೆ ಲೋಟ ಎತ್ತುವಾಗ ಮೊಣಕೈ ನೊಂದರೆ ಅದು ವಿಶ್ರಾಂತಿ ಕೇಳುತ್ತಿದೆ. ಬೇಸಿಗೆಯಲ್ಲಿ ದಪ್ಪ ಜಾಕೆಟ್ ಒಳಗೆ ಮೈ ಬೇಯುತ್ತದೆ. ನೀರು, ನೆರಳು, ಮಾಸ್ಕ್ ತೆಗೆದು ಕೂರುವ ವಿರಾಮ ತಪ್ಪಿಸಬಾರದು. ದಣಿದ ಕೈ ಅಲಗನ್ನು ನಿಲ್ಲಿಸಲಾರದು. ‘ಇದೊಂದು ಕೊನೆಯ ಆಟ’ ಎನ್ನುವವರನ್ನು ನಾನು ಈಗ ಆಡಲು ಬಿಡುವುದಿಲ್ಲ.

11. ಪೆಟ್ಟಾದ ಮೇಲೆ ಯೋಚಿಸುವುದಲ್ಲ

ಪ್ರಥಮ ಚಿಕಿತ್ಸೆ ಬಲ್ಲವರು ಯಾರು, ಅದರ ಪೆಟ್ಟಿಗೆ ಎಲ್ಲಿದೆ, ಆಂಬುಲೆನ್ಸಿಗೆ ಹೇಳಬೇಕಾದ ವಿಳಾಸ ಏನು ಎಂಬುದು ಗೋಡೆಯ ಮೇಲೆ ಬರೆದಿರಲಿ. ಮೈಯೊಳಗೆ ಅಲಗಿನ ತುಂಡು ಹೊಕ್ಕಿದ್ದರೆ ಕೀಳಬೇಡಿ. ಅದು ಅಲುಗದಂತೆ ಸುತ್ತ ಒತ್ತಿ ಹಿಡಿದು ಸಹಾಯ ಕರೆಯಿರಿ. ಗಂಟಲಿಗೆ ಪೆಟ್ಟು ಬಿದ್ದು ದನಿ ಬದಲಾದರೆ, ಉಸಿರಿಗೆ ತೊಡಕಾದರೆ ಅದೂ ಆಂಬುಲೆನ್ಸಿನ ಕೆಲಸ. ಏನಾಯಿತು, ಯಾವ ಕವಚವಿತ್ತು, ಯಾವ ಹೊಡೆತ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ತಿಂಗಳುಗಳ ನಂತರ ತಿರುವಿದರೆ ಎಲ್ಲಿ ಸೋರುತ್ತಿದೆ ಎಂದು ಕಾಣುತ್ತದೆ. ಊರಿನಿಂದ ಅಮ್ಮ ಫೋನ್ ಮಾಡಿ ‘ಪೆಟ್ಟಾದ್ರೆ ಅಲ್ಲಿ ಯಾರೋ ನೋಡ್ಕೊಳ್ಳೋರು?’ ಎಂದಾಗ ಉತ್ತರವಿರಬೇಕಲ್ಲ. ಜರ್ಮನಿಯಲ್ಲಿ ಕ್ರೀಡಾ ಒಕ್ಕೂಟಕ್ಕೆ ಸೇರಿದ ಕ್ಲಬ್ಬಿನ ಸದಸ್ಯರಿಗೆ ಸಾಮಾನ್ಯವಾಗಿ ಕ್ರೀಡಾ ವಿಮೆ ಇರುತ್ತದೆ; ನಿಮ್ಮ ಕ್ಲಬ್ಬಿನಲ್ಲಿ ಅದಿದೆಯೇ, ಯಾವುದನ್ನು ಭರಿಸುತ್ತದೆ ಎಂದು ಸೇರುವ ದಿನವೇ ಕೇಳಿ.

ಹೊಸದಾಗಿ ಸೇರಲಿರುವವರಿಗೆ ಒಂದು ಮಾತು. ಕ್ಲಬ್ಬಿಗೆ ಹೋದ ಮೊದಲ ದಿನ ಕತ್ತಿ ಮುಟ್ಟದೆ ಒಂದು ಮೂಲೆಯಲ್ಲಿ ಕೂತು ನೋಡಿ. ಹಳಬರು ಹೊಸಬರೊಂದಿಗೆ ಆಡುವಾಗ ಜೋರು ಇಳಿಸುತ್ತಾರೆಯೇ? ಹಾಲ್ಟ್ ಎಂದಾಗ ನಿಲ್ಲುತ್ತಾರೆಯೇ? ಜೋರಾಗಿ ಹೊಡೆದವರನ್ನು ಯಾರಾದರೂ ತಡೆದು ಮಾತಾಡಿಸುತ್ತಾರೆಯೇ? ತಲೆಗೆ ಪೆಟ್ಟು ಬಿದ್ದವರನ್ನು ಕೂರಿಸುತ್ತಾರೆಯೇ? ಇವಕ್ಕೆಲ್ಲ ಹೌದೆಂದಾದರೆ ಸೇರಿ, ಯಾವ ಗ್ಲೌಸ್ ಎಂದು ಆಮೇಲೆ ಅವರನ್ನೇ ಕೇಳಿ. ಅಲ್ಲವೆಂದಾದರೆ ಅಂಗಡಿಯ ಅತಿ ದುಬಾರಿ ಕವಚ ತೊಟ್ಟರೂ ಅಲ್ಲಿ ನಿಮ್ಮ ಕೈಬೆರಳಿಗೆ ಭರವಸೆಯಿಲ್ಲ. ಬೇರೆ ಕ್ಲಬ್ ಹುಡುಕಿಕೊಳ್ಳಿ.